ನನ್ನ ಹಾಗೇ ನಡೆಯುವ ಇಲಿಗಳ ಊರಿನಲ್ಲಿ

ಬೆಂಗಳೂರು, ವಿಮಾನ ನಿಲ್ದಾಣ

"ಸಾರ್, ಸ್ವಲ್ಪ ಈ ಕಡೆ ಬನ್ನಿ," ಎಂದ ಟೈ ಕಟ್ಟಿದ ಹುಡುಗ. ನಮ್ಮ ಹಿಂದಿದ್ದವರೆಲ್ಲ ಮುಂದೆ ಹೋದರು. ನಾನು, ನನ್ನ ಹೆಂಡತಿ ಮಂಗಳಾ ಮತ್ತು ಚಕ್ಕುಲಿ, ಕೋಡುಬಳೆ ತುಂಬಿದ ಒಂದು ಸೂಟ್‌ಕೇಸು ಗೋಡೆಯ ಪಕ್ಕ ನಿಂತೆವು.

ಅವನು ಮಂಗಳಾಳ ಕಡೆ ತಿರುಗಿ ದನಿ ತಗ್ಗಿಸಿದ. "ಮೇಡಂ, ಸಾರ್ ತಗೊಂಡಿದಾರಾ? ಈ ಕಂಡೀಷನ್‌ನಲ್ಲಿ ಹತ್ತಿಸೋಕಾಗಲ್ಲ."

ಹೊಸದೇನಲ್ಲ. ಬಸವೇಶ್ವರನಗರದ ಬಸ್ಸುಗಳಲ್ಲಿ ನನ್ನ ಪಕ್ಕದ ಸೀಟು ಬಹಳ ಹೊತ್ತು ಖಾಲಿ ಇರುತ್ತದೆ. ಕಾಲು ಅಗಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ನಡೆಯುವ, ಮಾತಾಡಿದರೆ ನಾಲಿಗೆ ತೊಡರುವ ನಲವತ್ತರ ಗಂಡಸನ್ನು ನೋಡಿದರೆ ಜನ ಬೇರೇನು ಅಂದುಕೊಂಡಾರು? ನಾನು ಡಾಕ್ಟರ ಪತ್ರ ತೆಗೆಯಲು ಜೇಬಿಗೆ ಕೈ ಹಾಕಿದೆ. ಕೈ ಜೇಬಿನ ಬಾಯಿಯನ್ನು ತಪ್ಪಿ ಸೊಂಟಕ್ಕೆ ಹೋಯಿತು. ಎರಡನೆಯ ಸಲವೂ ತಪ್ಪಿತು. ಹುಡುಗನ ಅನುಮಾನ ಖಾತ್ರಿಯಾಯಿತು.

ಮಂಗಳಾ ಸೂಟ್‌ಕೇಸು ಕೆಳಗಿಟ್ಟಳು. "ರೀ, ಅವರ ಮುಖಕ್ಕೆ ಒಂದು ಸಲ ಉಸಿರು ಬಿಡಿ," ಎಂದಳು.

"ಮಂಗಳಾ..."

"ಬಿಡಿ ಅಂದೆ. ಹೊರಡೋ ಮುಂಚೆ ಮೊಸರನ್ನ ತಿಂದಿದಾರೆ, ಇಂಗಿನ ವಾಸನೆ ಬರುತ್ತೆ. ಬೇರೆ ಏನಾದ್ರೂ ಬಂದ್ರೆ ನಾವೇ ವಾಪಸ್ ಹೋಗ್ತೀವಿ."

ಬಿಟ್ಟೆ. ಹುಡುಗ ಕೆಂಪಾದ. ಪತ್ರ ಓದಿದ ಮೇಲೆ ಇನ್ನೂ ಕೆಂಪಾದ. "ಸಾರಿ ಸಾರ್. ಇದು ಏನು ಕಾಯಿಲೆ?" ಎಂದು ಕೇಳಿದ.

"ಕಿರುಮೆದುಳಿಂದು. ತಲೆಯ ಹಿಂಭಾಗದಲ್ಲಿ ಇರುತ್ತಪ್ಪ. ಬ್ಯಾಲೆನ್ಸ್ ನೋಡ್ಕೊಳ್ಳೋದು ಅದೇ. ನಮ್ಮಪ್ಪನಿಂದ ಬಂತು."

"ಟ್ರೀಟ್‌ಮೆಂಟಿಗೆ ಹೋಗ್ತಾ ಇದೀರಾ?"

"ಇಲ್ಲ. ಇಲಿ ನೋಡೋಕೆ," ಎಂದಳು ಮಂಗಳಾ. ಅವನಿಗೆ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ನಮ್ಮ ಸೂಟ್‌ಕೇಸನ್ನು ತಾನೇ ಎತ್ತಿ ತಕ್ಕಡಿಯ ಮೇಲಿಟ್ಟ.

ಆಮ್‌ಸ್ಟರ್‌ಡ್ಯಾಮ್

ನಿಜವೇ ಆಗಿತ್ತು. ನಮ್ಮ ಮನೆತನದಲ್ಲಿ ಅಜ್ಜಿಗೆ, ಅಪ್ಪನಿಗೆ, ದೊಡ್ಡತ್ತೆಗೆ ಇದೇ ನಡಿಗೆ. ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದವರು ಒಂದು ದಿನ ನಿಲ್ಲಲಾಗದೆ ಮನೆಗೆ ಬಂದರು. ಜನ ನಾಗದೋಷ ಎಂದರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು. ನನಗೂ ಶುರುವಾದಾಗ ಡಾಕ್ಟರ್ ಶೈಲಜಾ ಎಂಬುವರು ರಕ್ತ ತೆಗೆದು, ಅದು ವಂಶವಾಹಿಯಲ್ಲಿ ಆದ ಒಂದು ಬರವಣಿಗೆಯ ತಪ್ಪು ಎಂದು ಬಿಡಿಸಿ ಹೇಳಿದರು. ಮೂರು ಅಕ್ಷರದ ಒಂದು ತುಣುಕು. ಅದು ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಮತ್ತೆ ಮತ್ತೆ ಬಂದಿದೆಯಂತೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕಾಪಿ ಬರೆಯುವ ಮಗು ನಿದ್ದೆಗಣ್ಣಲ್ಲಿ ಅದೇ ಪದವನ್ನು ಸಾಲುದ್ದಕ್ಕೂ ಬರೆದಿಟ್ಟ ಹಾಗೆ ಎಂದು ಅರ್ಥ ಮಾಡಿಕೊಂಡೆ. ಶೈಲಜಾ ಅವರ ಪರಿಚಯದ ವಿಜ್ಞಾನಿಯೊಬ್ಬರು ಹಾಲೆಂಡಿನಲ್ಲಿ ಇದೇ ತಪ್ಪನ್ನು ಇಲಿಗಳಲ್ಲಿ ಬರೆದು ಅಭ್ಯಾಸ ಮಾಡುತ್ತಿದ್ದರು. ಅಲ್ಲಿ ಸಂಶೋಧಕರೂ ರೋಗಿಗಳ ಮನೆಯವರೂ ಒಟ್ಟಿಗೆ ಸೇರುವ ಸಭೆಯೊಂದಿತ್ತು. ನಮ್ಮ ದೇಶದಿಂದ ಒಬ್ಬರು ಬಂದು ಮಾತಾಡಬೇಕು ಎಂದು ಕರೆದಿದ್ದರು. ಶೈಲಜಾ ನನ್ನ ಹೆಸರು ಕೊಟ್ಟಿದ್ದರು. ಬೇಸಿಗೆ ರಜೆಯಾದ್ದರಿಂದ ತಪ್ಪಿಸಿಕೊಳ್ಳಲು ನೆಪವೂ ಸಿಗಲಿಲ್ಲ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ಗಾಲಿಕುರ್ಚಿ ಬೇಡವೆಂದೆ. ಹಾಗಾದರೆ ಇದು ಸರಿಯೇ ಎಂದು ಬ್ಯಾಟರಿಯ ಪುಟ್ಟ ಬಂಡಿಯೊಂದನ್ನು ತಂದರು. ಅದು ಪೀಂ ಪೀಂ ಎಂದು ಕೂಗುತ್ತ, ಕನ್ನಡಿಯಂತೆ ಹೊಳೆಯುವ ಓಣಿಗಳಲ್ಲಿ, ಸಾವಿರಾರು ಜನರ ನಡುವೆ ನಮ್ಮನ್ನು ಹೊತ್ತು ನಡೆಯಿತು. ದಾರಿ ಬಿಟ್ಟುಕೊಟ್ಟವರಿಗೆಲ್ಲ ಮಂಗಳಾ ಕೈ ಮುಗಿದಳು.

"ರೀ, ನಮ್ಮ ಮದುವೇಲೂ ಇಂಥ ಮೆರವಣಿಗೆ ಆಗಿರಲಿಲ್ಲ," ಎಂದಳು.

ಬಾಗಿಲಲ್ಲಿ ಆ ವಿಜ್ಞಾನಿ, ಮರೈಕೆ, ನಿಂತಿದ್ದರು. ಬಹಳ ದೂರದಿಂದಲೇ ನನ್ನ ನಡಿಗೆ ನೋಡಿ ಗುರುತಿಸಿದರು. ಬೇರೆಯವರು ನನ್ನ ನಡಿಗೆ ನೋಡಿದಾಗ ಕಣ್ಣು ಪಕ್ಕಕ್ಕೆ ಹೊರಳುತ್ತದೆ. ಇವರ ಕಣ್ಣು, ಹಳೆಯ ಗೆಳೆಯ ಸಿಕ್ಕ ಹಾಗೆ, ಅರಳಿತು. ಇಲಿಗಳ ವಿಜ್ಞಾನಿ ಎಂದರೆ ಬಿಳಿ ಕೋಟಿನ ಮುದುಕರನ್ನು ಊಹಿಸಿದ್ದೆ. ಆರಡಿ ಎತ್ತರದ, ಮಳೆ ಕೋಟು ಹಾಕಿದ, ಕೆನ್ನೆ ಕೆಂಪಗಿರುವ ಹೆಂಗಸು. ಆಕೆ ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಾರ್ಲೆಮ್

ಆಕೆಯ ಮನೆ ಹಾರ್ಲೆಮ್ ಎಂಬ ಊರಿನಲ್ಲಿ. ಎಲ್ಲ ಮನೆಗಳಿಗೂ ರಸ್ತೆಯ ಕಡೆಗೆ ಗೋಡೆಯಷ್ಟಗಲದ ಕಿಟಕಿ, ಒಂದಕ್ಕೂ ಪರದೆ ಎಳೆದಿಲ್ಲ. ಒಳಗೆ ಊಟ ಮಾಡುತ್ತಿರುವವರು, ಪತ್ರಿಕೆ ಓದುತ್ತಿರುವವರು ಎಲ್ಲ ಕಾಣುತ್ತಾರೆ. ಆದರೆ ರಸ್ತೆಯಲ್ಲಿ ಹೋಗುವ ಯಾರೂ ಒಳಗೆ ನೋಡುವುದಿಲ್ಲ. ನಮ್ಮಲ್ಲಿ ಪರದೆ ಎಳೆದೇ ಇರುತ್ತದೆ, ಎಲ್ಲರೂ ನೋಡುತ್ತಾರೆ.

ನಮಗೆ ಕೊಟ್ಟಿದ್ದ ಕೋಣೆ ಮಹಡಿಯ ಮೇಲೆ. ಅಲ್ಲಿಗೆ ಹೋಗುವ ಮೆಟ್ಟಿಲು ನೋಡಿ ನಿಂತುಬಿಟ್ಟೆ. ಅದು ಮೆಟ್ಟಿಲೇ ಅಲ್ಲ, ಗೋಡೆಗೆ ಒರಗಿಸಿಟ್ಟ ಏಣಿ. ಒಂದೊಂದು ಮೆಟ್ಟಿಲಿನ ಅಗಲವೂ ನನ್ನ ಅರ್ಧ ಪಾದದಷ್ಟು. ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಹಗ್ಗ. ಇಲ್ಲಿನ ಹಳೆಯ ಮನೆಗಳೆಲ್ಲ ಹೀಗೆಯೇ ಅಂತೆ. ಮರೈಕೆ ಇದನ್ನು ಯೋಚಿಸಿಯೇ ಇರಲಿಲ್ಲ. "ಅಯ್ಯೋ, ಕಿರುಮೆದುಳನ್ನೇ ಓದುವ ನಾನು ಮೆಟ್ಟಿಲನ್ನು ಮರೆತೆ," ಎಂದು ಹಣೆ ಬಡಿದುಕೊಂಡರು. ಕೆಳಗೆ ಸೋಫಾ ಹಾಕಿಕೊಡುತ್ತೇನೆಂದರು.

ನಾನು ಬೇಡವೆಂದೆ. ಹಗ್ಗ ಹಿಡಿದು, ಮೊಣಕಾಲೂರಿ ಹತ್ತಿದೆ. ಮರುದಿನ ಬೆಳಿಗ್ಗೆ ಇಳಿಯುವುದು ಹೇಗೆಂದು ಯೋಚಿಸಿ ಕೊನೆಗೆ ಅಂಬೆಗಾಲಿಡುವ ಮಗು ಮಾಡುವಂತೆ ಮಾಡಿದೆ. ಮೇಲಿನ ಮೆಟ್ಟಿಲ ಮೇಲೆ ಕೂತೆ. ಕೆಳಗಿನ ಮೆಟ್ಟಿಲಿಗೆ ಜಾರಿದೆ. ಮತ್ತೆ ಕೂತೆ, ಮತ್ತೆ ಜಾರಿದೆ. ಕೆಳಗೆ ಮರೈಕೆ ಕಾಫಿ ಹಿಡಿದು ನಿಂತು ನೋಡುತ್ತಿದ್ದರು. ಓಡಿ ಬಂದು ಕೈ ಹಿಡಿಯಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ನನಗೆ ಒಂದು ಕ್ಷಣ ಕೆಡುಕೆನಿಸಿತು. ನಮ್ಮ ಬೀದಿಯಲ್ಲಾಗಿದ್ದರೆ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ನಾಲ್ಕು ಜನ ತೋಳು ಹಿಡಿದು, ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾವ ಸೊಪ್ಪು ಅರೆದು ಕುಡಿಯಬೇಕು ಎಂದು ಹೇಳಿಬಿಡುತ್ತಿದ್ದರು.

ಕೆಳಗಿಳಿದ ಮೇಲೆ ಕೇಳಿಯೇಬಿಟ್ಟೆ. "ನಾನು ಬೀಳ್ತೀನಿ ಅಂತ ನಿಮಗೆ ಭಯ ಆಗಲಿಲ್ಲವಾ?"

"ಆಯಿತು," ಎಂದರು. "ಆದರೆ ನೀವು ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಬರುತ್ತಿದ್ದೆ."

ಆಮೇಲೆ ಏನನ್ನೋ ತರಲು ಮೇಲೆ ಹೋದ ಆಕೆ, ಬರುವಾಗ ತಾನೂ ಕೂತುಕೊಂಡೇ ಒಂದೊಂದಾಗಿ ಜಾರಿಕೊಂಡು ಇಳಿದರು. "ಇದೇ ಚೆನ್ನಾಗಿದೆ, ಇಷ್ಟು ವರ್ಷ ನನಗೆ ಹೊಳೆಯಲಿಲ್ಲ," ಎಂದು ನಕ್ಕರು. ಅಂದಿನಿಂದ ಆ ಮನೆಯಲ್ಲಿ ನಾವು ಮೂವರೂ ಕೂತೇ ಇಳಿದೆವು. ಮಂಗಳಾ ಸೀರೆಯ ನೆರಿಗೆ ಎತ್ತಿ ಹಿಡಿದು, ಪ್ರತಿ ಮೆಟ್ಟಿಲಿಗೂ "ರಾಮ ರಾಮ" ಎನ್ನುತ್ತ ಇಳಿಯುತ್ತಿದ್ದಳು.

ಇಲಿಗಳ ಮನೆ

ಪ್ರಯೋಗಾಲಯ ಊರಿನ ಹೊರಗೆ, ಹಸುಗಳು ಮೇಯುವ ಬಯಲಿನ ಪಕ್ಕದಲ್ಲಿ. ಅಂದು ಅಲ್ಲಿ ಯಾರದೋ ಹುಟ್ಟುಹಬ್ಬ. ಒಳಗೆ ಕಾಲಿಟ್ಟ ಕೂಡಲೇ ಕಂಡವರೆಲ್ಲ ಮಂಗಳಾಳ ಕೈ ಕುಲುಕಿ "ಅಭಿನಂದನೆಗಳು" ಎಂದರು. ಅವಳು ಗಾಬರಿಯಾಗಿ ನನ್ನ ಕಡೆ ನೋಡಿದಳು. ಇಲ್ಲಿ ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ಅಲ್ಲಿ ಬಂದವರಿಗೆಲ್ಲ ಅಭಿನಂದನೆ ಹೇಳುವುದು ರೂಢಿಯಂತೆ. ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಮುಚ್ಚಿಬಿಡುವುದೂ ರೂಢಿ. ಮಂಗಳಾ ಚಕ್ಕುಲಿ ಡಬ್ಬಿ ತೆರೆದಿಟ್ಟಳು, ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ತಳ ಕಂಡಿತು.

ಇಲಿಗಳಿರುವ ಕಡೆಗೆ ಹೋಗುವ ಮುನ್ನ ಕಾವಲಿನವನೊಬ್ಬ ಕೇಳಿದ. "ಇತ್ತೀಚೆಗೆ ನೀವು ಇಲಿಗಳ ಸಂಪರ್ಕದಲ್ಲಿ ಇದ್ದಿರಾ?" ಹೊರಗಿನ ಇಲಿಯ ರೋಗ ಒಳಗಿನ ಇಲಿಗೆ ತಗಲಬಾರದೆಂದು ಈ ಪ್ರಶ್ನೆ.

ಮಂಗಳಾ ಸುಳ್ಳು ಹೇಳುವವಳಲ್ಲ. "ಇದ್ವಿ. ನಮ್ಮ ಸ್ಟೋರ್ ರೂಮಲ್ಲಿ ಇದಾವೆ. ಹೊರಡೋ ಮುಂಚೆ ಒಂದನ್ನ ಬೋನಲ್ಲಿ ಹಿಡಿದು ಪಾರ್ಕಲ್ಲಿ ಬಿಟ್ಟು ಬಂದೆ," ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಂದೆ. ಕಾವಲಿನವನು ಪೆನ್ನು ಕೆಳಗಿಟ್ಟ. ದೊಡ್ಡವರೊಬ್ಬರಿಗೆ ಫೋನು ಹೋಯಿತು. ಬೆಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಿಗದಿತ ದಿನಗಳು ಕಳೆದಿವೆಯೇ ಎಂದು ಚರ್ಚೆ ನಡೆಯಿತು. ಕೊನೆಗೆ ಕಳೆದಿವೆ ಎಂದು ತೀರ್ಮಾನವಾಗಿ, ಮೈ ತುಂಬ ಮುಚ್ಚುವ ಕಾಗದದಂಥ ಅಂಗಿ ಪ್ಯಾಂಟು ಕೊಟ್ಟರು. ಮಂಗಳಾ ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿದ್ದು ಹೀಗೆ.

ಒಳಗೆ ಸಾಲು ಸಾಲು ಪೆಟ್ಟಿಗೆಗಳು. ಒಂದೊಂದರಲ್ಲೂ ಹತ್ತಿಯ ಗೂಡು, ನೀರಿನ ಬಾಟಲಿ, ತಿನ್ನಲು ಕಾಳು. ಹೊರಗೆ ಹೆಸರಿನ ಚೀಟಿ. ಆ ಹೆಸರುಗಳನ್ನು ಮರೈಕೆ ಓದಿ ಹೇಳಿದರು. ಹಿಂದಿನ ಕಾಲದಲ್ಲಿ ಇಲಿ ಸಾಕುವವರಿಗೆ ಎಂದಾದರೊಮ್ಮೆ, ತಾನಾಗಿ ಆದ ತಪ್ಪಿನಿಂದ, ಸರಿಯಾಗಿ ನಡೆಯಲಾರದ ಮರಿ ಸಿಗುತ್ತಿತ್ತಂತೆ. ಅದರ ನಡಿಗೆ ನೋಡಿ ಹೆಸರಿಡುತ್ತಿದ್ದರಂತೆ. ಒಂದರ ಹೆಸರು 'ತೂರಾಡುವವ'. ಒಂದು 'ಮುಗ್ಗರಿಸುವವ'. ಇನ್ನೊಂದು 'ಓಲಾಡುವವ'. ಆ ಇಲಿಗಳಿಂದಲೇ ಕಿರುಮೆದುಳಿನ ಬಗ್ಗೆ ಎಷ್ಟೋ ತಿಳಿಯಿತು ಎಂದರು.

"ನಮ್ಮ ಬೀದೀಲಿ ನನಗೂ ಇದೇ ಹೆಸರುಗಳು," ಎಂದೆ. ಆಕೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮಂಗಳಾ ನಕ್ಕ ಮೇಲೆ ನಕ್ಕರು.

ಕೊನೆಯ ಸಾಲಿನ ಪೆಟ್ಟಿಗೆಗಳಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಅವು ತಾವಾಗಿ ಹುಟ್ಟಿದವಲ್ಲ. ನನ್ನಂಥವರ ವಂಶವಾಹಿಯ ಅದೇ ತಪ್ಪನ್ನು ಇವರೇ ಅವುಗಳಲ್ಲಿ ಬರೆದಿದ್ದರು. ಮರೈಕೆ ಒಂದನ್ನು ಮೇಜಿನ ಮೇಲೆ ಬಿಟ್ಟರು. ಅದು ಹಿಂಗಾಲನ್ನು ಅಗಲಿಸಿತು. ಎಡಕ್ಕೆ ವಾಲಿತು, ಬಲಕ್ಕೆ ಸರಿಪಡಿಸಿಕೊಂಡಿತು, ಹೆಚ್ಚು ಸರಿಪಡಿಸಿ ಬಲಕ್ಕೆ ವಾಲಿತು. ಬಾಲವನ್ನು ಎತ್ತಿ ಹಿಡಿದು, ಮೇಜಿನ ಅಂಚಿನ ಕಡೆ ಒಂದು ಹೆಜ್ಜೆ, ನಿಂತು ಒಂದು ಹೆಜ್ಜೆ.

ನಾನು ನನ್ನ ನಡಿಗೆಯನ್ನು ಹೊರಗಿನಿಂದ ನೋಡಿರಲಿಲ್ಲ. ಅಪ್ಪನದನ್ನು ನೋಡಿದ್ದೆ. ನಮ್ಮ ಮನೆಯ ನಡುಮನೆಯಲ್ಲಿ, ಬಾಗಿಲಿನಿಂದ ಕುರ್ಚಿಯವರೆಗೆ, ಸರಿಯಾಗಿ ಹೀಗೆ ನಡೆಯುತ್ತಿದ್ದರು.

"ರೀ, ಅದು ಮಾವನೋರೇ," ಎಂದಳು ಮಂಗಳಾ, ಮೆಲ್ಲಗೆ.

ಮುಂದಿನ ಕೋಣೆಯಲ್ಲಿ ಅಡ್ಡಲಾಗಿ ಒಂದು ಕೋಲು ನಿಧಾನವಾಗಿ ತಿರುಗುತ್ತಿತ್ತು. ಇಲಿಯನ್ನು ಅದರ ಮೇಲೆ ನಿಲ್ಲಿಸಿದರೆ ಬೀಳದಿರಲು ನಡೆಯುತ್ತಲೇ ಇರಬೇಕು. ಕೆಳಗೆ ಮೆತ್ತನೆಯ ತಟ್ಟೆ. ಆರೋಗ್ಯವಾದ ಇಲಿ ಎಷ್ಟು ಹೊತ್ತಾದರೂ ನಡೆಯಿತು, ಬೇಸರವಾದಂತೆ ಮೀಸೆ ಉಜ್ಜಿಕೊಂಡಿತು. ನಮ್ಮ ತಪ್ಪಿನ ಇಲಿ ಕೆಲವೇ ಹೆಜ್ಜೆಗೆ ತಟ್ಟೆಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ನನ್ನ ಕೈ ತಾನಾಗಿ ಗೋಡೆಯನ್ನು ಹುಡುಕಿತು.

ಆಮೇಲೆ ಮೂರನೆಯದನ್ನು ತಂದರು. ಅದರ ಪೆಟ್ಟಿಗೆಯ ನೀರಿನ ಬಾಟಲಿಗೆ ಬೆಳ್ಳಿಯ ಹಾಳೆ ಸುತ್ತಿತ್ತು. ಬೆಳಕು ತಾಗಿದರೆ ಕೆಡುವ ಒಂದು ಔಷಧಿ ಆ ನೀರಿನಲ್ಲಿದೆಯಂತೆ. ಇದಕ್ಕೂ ಅದೇ ತಪ್ಪು, ಇದೂ ತೂರಾಡಲು ಶುರುಮಾಡಿತ್ತು. ಆಮೇಲೆ ಔಷಧಿ ಕೊಟ್ಟು ಆ ತಪ್ಪು ವಂಶವಾಹಿಯ ಬಾಯಿ ಮುಚ್ಚಿಸಿದ್ದರು.

ಅದನ್ನು ಕೋಲಿನ ಮೇಲೆ ಇಟ್ಟರು. ನಡೆಯಿತು. ಒಂದು ಸಲ ಜಾರಿತು, ಉಗುರು ಊರಿ ಮೇಲೆ ಬಂತು, ಮತ್ತೆ ನಡೆಯಿತು.

"ನಡಿ, ನಡಿ ಮರಿ," ಎಂದೆ. ಜೋರಾಗಿಯೇ ಎಂದಿರಬೇಕು, ಪಕ್ಕದ ಕೋಣೆಯವರು ಇಣುಕಿದರು. ಕೋಲು ವೇಗವಾಯಿತು. ಇಲಿಯೂ ವೇಗವಾಯಿತು. "ಬೀಳಬೇಡ ಕಣೋ!" ಎಂದಳು ಮಂಗಳಾ. ಅದು ಬೀಳಲಿಲ್ಲ. ಮರೈಕೆ ಯಂತ್ರ ನಿಲ್ಲಿಸಿ ಅದನ್ನು ಅಂಗೈಗೆ ತೆಗೆದುಕೊಳ್ಳುವವರೆಗೂ ಬೀಳಲಿಲ್ಲ.

"ನಾನು ಒಂದು ಮಾತು ಹೇಳಲೇಬೇಕು," ಎಂದರು ಮರೈಕೆ. "ಈ ಔಷಧಿ ನಿಮಗೆ ಕೆಲಸ ಮಾಡುವುದಿಲ್ಲ. ಇದರ ವಂಶವಾಹಿಗೆ ನಾವೇ ಒಂದು ಸ್ವಿಚ್ಚು ಜೋಡಿಸಿದ್ದೇವೆ, ಔಷಧಿ ಆ ಸ್ವಿಚ್ಚನ್ನು ಆರಿಸುತ್ತದೆ. ನಿಮ್ಮದಕ್ಕೆ ಸ್ವಿಚ್ಚಿಲ್ಲ. ತುಂಬ ತಡವಾಗಿ ಕೊಟ್ಟರೆ ಇಲಿಗೂ ಪೂರ್ತಿ ವಾಸಿಯಾಗುವುದಿಲ್ಲ."

"ಹಾಗಾದರೆ ಇದರಿಂದ ಏನು ತಿಳಿಯಿತು?" ಎಂದೆ, ಮೇಷ್ಟ್ರ ಬುದ್ಧಿಯಿಂದ.

ಆಕೆ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಇಂಥವೇ ಬೇರೆ ಇಲಿಗಳ ಕಿರುಮೆದುಳಿನ ದೊಡ್ಡ ಕೋಶಗಳು, ಒಂದೊಂದೂ ರೆಂಬೆ ಚಾಚಿದ ಮಳೆಮರದ ಹಾಗೆ. ಕಾಯಿಲೆಯ ಇಲಿಯಲ್ಲಿ ರೆಂಬೆಗಳು ಮುದುರಿದ್ದವು, ಮರ ನಿಂತಿತ್ತು. ಔಷಧಿ ಕುಡಿದ ಇಲಿಯಲ್ಲಿ ರೆಂಬೆಗಳು ಮತ್ತೆ ಹರಡಿದ್ದವು.

"ಇವು ಸತ್ತು ಹೋಗಿವೆ ಎಂದುಕೊಂಡಿದ್ದೆವು," ಎಂದರು. "ಸತ್ತಿರಲಿಲ್ಲ."

ನಮ್ಮ ಮನೆಯಲ್ಲಿ ಈ ಕಾಯಿಲೆ ಮುಂದೆ ಹೋಗುತ್ತಿತ್ತೇ ಹೊರತು ಎಂದೂ ಹಿಂದೆ ಸರಿದಿರಲಿಲ್ಲ. ಅಜ್ಜಿಯಲ್ಲಿ ಸರಿಯಲಿಲ್ಲ, ಅಪ್ಪನಲ್ಲಿ ಸರಿಯಲಿಲ್ಲ. ಒಂದು ಹಿಡಿಯಷ್ಟೂ ಇಲ್ಲದ ಜೀವದಲ್ಲಿ ಅದು ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಆ ಔಷಧಿ ಇಲ್ಲ ಎಂಬುದು ತಿಳಿದೂ, ಆ ದಿನ ಪೂರ್ತಿ ನನಗೆ ಖುಷಿಯಿಂದ ಕೂಗಬೇಕೆನಿಸುತ್ತಿತ್ತು.

ನೀಲಿ ಹೆಜ್ಜೆ, ಕೆಂಪು ಹೆಜ್ಜೆ

ಇನ್ನೊಂದು ಪರೀಕ್ಷೆಯಲ್ಲಿ ಇಲಿಯ ಮುಂಗಾಲಿಗೆ ಕೆಂಪು ಬಣ್ಣ, ಹಿಂಗಾಲಿಗೆ ನೀಲಿ ಬಣ್ಣ ಹಚ್ಚಿ, ಬಿಳಿ ಕಾಗದ ಹಾಸಿದ ಓಣಿಯಲ್ಲಿ ಬಿಡುತ್ತಾರೆ. ಓಣಿಯ ಕೊನೆಯಲ್ಲಿ ಕತ್ತಲ ಗೂಡು. ಅಲ್ಲಿಗೆ ಓಡುವಾಗ ಹೆಜ್ಜೆ ಮೂಡುತ್ತದೆ. ಹೆಜ್ಜೆಗಳ ಅಂತರ ಅಳೆದರೆ ಕಿರುಮೆದುಳು ಹೇಗಿದೆಯೆಂದು ಗೊತ್ತಾಗುತ್ತದೆ.

ಆ ಕಾಗದಗಳನ್ನು ಗೋಡೆಯ ಮೇಲೆ ಅಂಟಿಸಿದ್ದರು. ಮಂಗಳಾ ಹತ್ತಿರ ಹೋಗಿ ನೋಡಿ, "ಅಯ್ಯೋ, ಗೋಕುಲಾಷ್ಟಮಿ ಹೆಜ್ಜೆ!" ಎಂದಳು. ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಕೃಷ್ಣನ ಪಾದ ಬರೆಯುವುದನ್ನು ಮರೈಕೆಗೆ ವಿವರಿಸಿದೆವು. ಕಾಣದ ಮಗು ಮನೆಯೊಳಗೆ ಬಂದ ಗುರುತು ಅದು ಎಂದೆವು. ಆಕೆ ಕಾಗದಗಳ ಹತ್ತಿರ ಬಾಗಿ ಒಂದೊಂದು ಹೆಜ್ಜೆಯನ್ನೂ ಹೊಸದಾಗಿ ನೋಡತೊಡಗಿದರು.

ನಾನು ಮಾತ್ರ ಮರುದಿನದ ಸಭೆಯನ್ನು ನೆನೆದು ಬೆವರುತ್ತಿದ್ದೆ. ಎರಡು ವರ್ಷದಿಂದ ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿರಲಿಲ್ಲ. ನನ್ನ ಮಾತು ಮಕ್ಕಳಿಗೆ ತಿಳಿಯುವುದಿಲ್ಲ ಎಂದು ಕೆಲವು ಪೋಷಕರು ದೂರಿದ ಮೇಲೆ ಹೆಡ್‌ಮಾಸ್ಟರು ನನ್ನನ್ನು ತರಗತಿಯಿಂದ ಬಿಡಿಸಿ, ಪ್ರಯೋಗಶಾಲೆಯ ಗಾಜಿನ ಸಾಮಾನು ನೋಡಿಕೊಳ್ಳಲು ಹಾಕಿದ್ದರು. ಕೈ ನಡುಗುವವನಿಗೆ ಗಾಜಿನ ಸಾಮಾನು!

"ನಿಮಗೆ ಕಷ್ಟವಾದರೆ ನಿಮ್ಮ ಭಾಷಣವನ್ನು ಮಂಗಳಾ ಓದಬಹುದು," ಎಂದರು ಮರೈಕೆ.

"ನಾನು ಓದಲ್ಲ," ಎಂದಳು ಮಂಗಳಾ ಕನ್ನಡದಲ್ಲಿ. "ಇಷ್ಟು ದೂರ ಬಂದಿರೋದು ನೀವು. ತಡವರಿಸಿದ್ರೆ ತಡವರಿಸಿ. ಅವರೇನು ಬಸ್ ಹಿಡೀಬೇಕಾ?"

ಗೋಡೆಯ ಮೇಲಿನ ಹೆಜ್ಜೆಗಳನ್ನು ಮತ್ತೆ ನೋಡಿದೆ. "ಮರೈಕೆ," ಎಂದೆ, "ಇಂಥ ಕಾಗದ ದೊಡ್ಡದು ಸಿಗುತ್ತದೆಯೇ?"

ಸಭೆಯ ದಿನ

ಸಭಾಂಗಣ ತುಂಬಿತ್ತು. ಬೇರೆ ಬೇರೆ ದೇಶದ ಸಂಶೋಧಕರು, ನಡುವೆ ಅಲ್ಲಲ್ಲಿ ನನ್ನಂಥವರು. ಕೆಲವರು ಗಾಲಿಕುರ್ಚಿಯಲ್ಲಿ, ಕೆಲವರು ಮನೆಯವರ ತೋಳು ಹಿಡಿದು. ಮೊದಲು ಮರೈಕೆ ತೆರೆಯ ಮೇಲೆ ಇಲಿಗಳ ಹೆಜ್ಜೆ ತೋರಿಸಿದರು. ಆರೋಗ್ಯದ ಇಲಿಯದು, ಕಾಯಿಲೆಯದು, ಔಷಧಿ ಕುಡಿದದ್ದು. ಆಮೇಲೆ ನನ್ನ ಹೆಸರು ಕರೆದರು.

ಮೈಕಿನ ಮುಂದೆ ನಿಂತೆ. ಬರೆದು ತಂದಿದ್ದ ಮೊದಲ ವಾಕ್ಯ ಬಾಯಿಗೆ ಬರಲಿಲ್ಲ. ನಾಲಿಗೆ ದಪ್ಪವಾಗಿ ಅಂಟಿಕೊಂಡಿತು. ಮತ್ತೆ ಪ್ರಯತ್ನಿಸಿದೆ, ಒಂದು ಪದ ಅರ್ಧಕ್ಕೆ ಮುರಿಯಿತು. ನಾನು ಕಾಗದ ಮಡಿಚಿ ಜೇಬಿಗಿಟ್ಟೆ. ಈ ಸಲ ಜೇಬು ಸಿಕ್ಕಿತು.

ಶೂ ಬಿಚ್ಚಿದೆ. ಪ್ಯಾಂಟು ಮಡಚಿದೆ. ವೇದಿಕೆಯ ಈ ತುದಿಯಿಂದ ಆ ತುದಿಯವರೆಗೆ ಬಿಳಿ ಕಾಗದ ಹಾಸಿತ್ತು. ಮರೈಕೆ ಎರಡು ಟ್ರೇಗಳಲ್ಲಿ ಬಣ್ಣ ತಂದಿಟ್ಟರು. ಬಲಗಾಲನ್ನು ಕೆಂಪಿನಲ್ಲಿ, ಎಡಗಾಲನ್ನು ನೀಲಿಯಲ್ಲಿ ಅದ್ದಿದೆ. ಸಭೆಗೆಂದು ತಂದಿದ್ದ ಊರುಗೋಲನ್ನು ಪಕ್ಕಕ್ಕಿಟ್ಟೆ.

ಮೊದಲ ಕೆಲವು ಹೆಜ್ಜೆ ಸರಿಯಿತ್ತು. ನಡುವೆ ಬಂದಾಗ ಒದ್ದೆ ಬಣ್ಣ ಜಾರಿತು. ಇಡೀ ಮೈ ಎಡಕ್ಕೆ ಹೋಯಿತು. ಸಭೆಯಲ್ಲಿ ಹಾ ಎಂಬ ಉಸಿರು. ಮುಂದಿನ ಸಾಲಿನ ಹಿರಿಯರೊಬ್ಬರು ಹಿಡಿಯಲು ಎದ್ದೇಬಿಟ್ಟರು.

"ಯಾರೂ ಏಳ್ಬೇಡಿ!" ಎಂದು ಮಂಗಳಾ ಕೈ ಎತ್ತಿ ಗಟ್ಟಿಯಾಗಿ ಹೇಳಿದಳು. ಕನ್ನಡದಲ್ಲಿ. ಆ ಸಭಾಂಗಣದಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಆದರೆ ಎಲ್ಲರಿಗೂ ಅರ್ಥವಾಯಿತು. ಎದ್ದವರು ಕೂತರು.

ಕೈ ಅಗಲಿಸಿದೆ. ಬಲಗಾಲನ್ನು ದೂರ ಇಟ್ಟೆ. ನಿಂತೆ. ಮತ್ತೆ ಎಡಗಾಲು. ಕಾಗದದ ಕೊನೆ ಬಂತು. ತಿರುಗಿ ನೋಡಿದೆ, ಕೆಂಪು ನೀಲಿ ಹೆಜ್ಜೆಗಳು ತೆರೆಯ ಮೇಲಿನ ಆ ಎರಡನೆಯ ಇಲಿಯ ಹೆಜ್ಜೆಗಳಂತೆಯೇ ಅಡ್ಡಾದಿಡ್ಡಿಯಾಗಿ, ಆದರೆ ಒಂದೂ ಬಿಡದೆ, ಈ ತುದಿಗೆ ಬಂದಿದ್ದವು.

ಈಗ ಮಾತು ಬಂತು. ನಿಧಾನವಾಗಿ, ಒಂದೊಂದೇ ಪದವಾಗಿ ಬಂತು.

"ನಮ್ಮ ತಂದೆ ಹೀಗೆ ನಡೆದರು. ನಾನು ಹೀಗೆ ನಡೆಯುತ್ತೇನೆ. ನಿಮ್ಮ ಇಲಿ ಹೀಗೆ ನಡೆದು, ಆಮೇಲೆ ನೆಟ್ಟಗೆ ನಡೆದದ್ದನ್ನು ನಾನು ನೋಡಿದೆ. ನಮಗೆ ಯಾವಾಗ ಎಂದು ನಾನು ಕೇಳುವುದಿಲ್ಲ. ನೀವು ಇಲಿಯ ಹೆಜ್ಜೆ ಅಳೆಯುವಾಗ ನಾವೂ ಒಂದು ಕಡೆ ನಡೆಯುತ್ತಿದ್ದೇವೆ, ನಿಂತಿಲ್ಲ. ಅದನ್ನು ಹೇಳಲು ಬಂದೆ."

ಚಪ್ಪಾಳೆ ಬೀಳುವ ಮೊದಲೇ ಮೂರನೆಯ ಸಾಲಿನಲ್ಲಿ ಏನೋ ಸದ್ದಾಯಿತು. ಪೋರ್ಚುಗಲ್ಲಿನಿಂದ ಬಂದಿದ್ದ, ನನಗಿಂತ ಹಿರಿಯ ಹೆಂಗಸೊಬ್ಬರು ಶೂ ಬಿಚ್ಚುತ್ತಿದ್ದರು. ಮಗಳು ಏನೋ ಹೇಳಿ ತಡೆಯಲು ನೋಡಿದಳು. ಆಕೆ ಕೇಳಲಿಲ್ಲ. ವೇದಿಕೆಗೆ ಬಂದು ನನ್ನ ಕಡೆ ತಲೆಯಾಡಿಸಿ, ಬಣ್ಣದಲ್ಲಿ ಕಾಲಿಟ್ಟು, ನನ್ನ ಹೆಜ್ಜೆಗಳ ಪಕ್ಕದಲ್ಲೇ ನಡೆದರು. ಅವರ ನಂತರ ಒಬ್ಬ ಯುವಕ ಬಂದ. ಅವನ ನಂತರ ಗಾಲಿಕುರ್ಚಿಯಲ್ಲಿದ್ದವರೊಬ್ಬರು ಗಾಲಿಗೆ ಬಣ್ಣ ಬಳಿಸಿಕೊಂಡು ಬಂದರು. ಬಿಳಿ ಜಾಗ ಮುಗಿಯುವವರೆಗೆ ಬರುತ್ತಲೇ ಇದ್ದರು. ಚಪ್ಪಾಳೆ ಎಲ್ಲಿ ಶುರುವಾಯಿತೋ ಎಲ್ಲಿ ನಿಂತಿತೋ ತಿಳಿಯದು. ಮರೈಕೆ ಬಣ್ಣದ ಟ್ರೇ ಹಿಡಿದು ನಿಂತಲ್ಲೇ ಅಳುತ್ತಿದ್ದರು.

ಕಾಲು ತೊಳೆದುಕೊಳ್ಳಲು ಹೋದಾಗ ಪೋರ್ಚುಗಲ್ಲಿನ ಹೆಂಗಸು ಮಂಗಳಾಳನ್ನು ಅಪ್ಪಿಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ಮಂಗಳಾ ಕನ್ನಡದಲ್ಲಿ ಉತ್ತರಿಸಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಸಮುದ್ರದ ದಾರಿ

ಹೊರಡುವ ಹಿಂದಿನ ದಿನ ಮರೈಕೆ ಷೆಡ್ಡಿನಿಂದ ಒಂದು ವಿಚಿತ್ರ ಸೈಕಲ್ಲು ಹೊರತೆಗೆದರು. ಹಿಂದೆ ಒಂದು ಗಾಲಿ, ಮುಂದೆ ಎರಡು, ಆ ಎರಡರ ನಡುವೆ ದೊಡ್ಡ ಮರದ ಪೆಟ್ಟಿಗೆ. ಇಲ್ಲಿನ ತಾಯಂದಿರು ಮಕ್ಕಳನ್ನು ಆ ಪೆಟ್ಟಿಗೆಯಲ್ಲಿ ತುಂಬಿಕೊಂಡು ಶಾಲೆಗೆ ಬಿಡುತ್ತಾರೆ. ಆಕೆಯ ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಹೋಗಿದ್ದರು.

"ಬೀಳುವುದಿಲ್ಲ, ಮೂರು ಗಾಲಿ ಇದೆ," ಎಂದರು.

ನಾನು ಸೈಕಲ್ಲು ಬಿಟ್ಟು ಎಷ್ಟೋ ವರ್ಷವಾಗಿತ್ತು. ಲಗ್ಗೆರೆಯ ಇಳಿಜಾರಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ಅದನ್ನು ಮಾರಿದ್ದೆವು. ಈಗ ಹತ್ತಿ ಕೂತೆ. ಪೆಡಲು ತುಳಿದೆ. ಅದು ನೆಟ್ಟಗೆ ಹೋಯಿತು! ಗಲ್ಲಿಯ ತುದಿಗೆ ಹೋಗಿ ತಿರುಗಿ ಬಂದೆ.

"ಹತ್ತು," ಎಂದೆ ಮಂಗಳಾಗೆ.

"ಎಲ್ಲಿಗೆ? ಮಕ್ಕಳನ್ನ ಕೂರ್ಸೋ ಜಾಗದಲ್ಲಾ? ನೋಡಿದೋರು ಏನಂತಾರೆ?"

"ಇಲ್ಲಿ ಯಾರೂ ನೋಡಲ್ಲ ಕಣೇ."

ಅವಳು ರೇಷ್ಮೆ ಸೀರೆಯ ಸೆರಗು ಸುತ್ತಿ, ಪೆಟ್ಟಿಗೆಯೊಳಗೆ ಕೂತು, ಎರಡೂ ಅಂಚು ಗಟ್ಟಿಯಾಗಿ ಹಿಡಿದಳು. ಮರೈಕೆ ತಮ್ಮ ಸೈಕಲ್ಲಿನಲ್ಲಿ ಮುಂದೆ ಹೊರಟರು. ಕಾಲುವೆಯ ಪಕ್ಕದಲ್ಲಿ, ಆಮೇಲೆ ಮರಳುದಿಬ್ಬಗಳ ನಡುವೆ, ಸಮುದ್ರದ ಕಡೆಗೆ ಸೈಕಲ್ಲಿಗೆಂದೇ ಮಾಡಿದ ದಾರಿ. ಗಾಳಿ ಎದುರಿನಿಂದ ಬೀಸುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ನಮ್ಮನ್ನು ದಾಟಿ ಹೋದರು. ನಾನು ನಡೆಯುವಾಗ ಕೈಕೊಡುವ ಕಾಲುಗಳು ಇಲ್ಲಿ ಒಂದರ ನಂತರ ಒಂದು ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದವು.

"ಬ್ರೇಕ್ ಹಿಡೀರಿ! ರೀ, ಇಳಿಜಾರು ಬಂತು! ಬ್ರೇಕ್!" ಎಂದು ಮಂಗಳಾ ಕೂಗುತ್ತಿದ್ದಳು. ನಾನು ಹಿಡಿಯಲಿಲ್ಲ. ಸೆರಗು ಬಿಚ್ಚಿಕೊಂಡು ನನ್ನ ಮುಖಕ್ಕೆ ಬಡಿಯಿತು. ಇಳಿಜಾರಿನ ಕೆಳಗೆ ತಲುಪಿದಾಗ ಅವಳ ಕೂಗು ನಗುವಾಗಿತ್ತು. ಎದುರಿಗೆ ಬೂದು ಬಣ್ಣದ ದೊಡ್ಡ ಸಮುದ್ರ.

"ಇನ್ನೊಂದು ಸಲ ಹತ್ತಿ ಇಳಿಯೋಣ್ವಾ?" ಎಂದಳು.

ರಾಜಾಜಿನಗರ

ಬೆಂಗಳೂರಿಗೆ ಬಂದ ಮೇಲೆ ಜೂನ್ ಮೊದಲ ವಾರ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಮುಂದೆ ಕೂತೆ. "ನನಗೆ ಒಂದು ತರಗತಿ ಕೊಡಿ ಸಾರ್," ಎಂದೆ.

"ನಾಗೇಂದ್ರ ಅವರೇ, ಪೋಷಕರು..." ಎಂದು ಅವರು ಶುರುಮಾಡಿದರು.

"ಹತ್ತನೇ ಕ್ಲಾಸಿಗೆ ನರಮಂಡಲದ ಪಾಠ ಇದೆ. ಅದೊಂದೇ ಪಾಠ ಕೊಡಿ. ಪೋಷಕರನ್ನೂ ಕರೀರಿ, ಹಿಂದಿನ ಬೆಂಚಲ್ಲಿ ಕೂತ್ಕೊಳ್ಲಿ. ಮಕ್ಕಳಿಗೆ ಅರ್ಥ ಆಗಲಿಲ್ಲ ಅಂದ್ರೆ ನಾನೇ ವಾಪಸ್ ಹೋಗ್ತೀನಿ."

ಅವರು ವೇಳಾಪಟ್ಟಿ ಎಳೆದುಕೊಂಡರು.

ಪೋಷಕರು ಯಾರೂ ಬರಲಿಲ್ಲ, ಹೆಡ್‌ಮಾಸ್ಟರೇ ಬಂದು ಹಿಂದೆ ಕೂತರು. ನಾನು ಬೋರ್ಡಿಗೆ ಒಂದು ಕೈ ಊರಿ ನಿಂತೆ. ಕಿರುಮೆದುಳಿನ ಚಿತ್ರ ಬರೆದೆ, ಗೆರೆ ಸೊಟ್ಟಗಾಯಿತು. ತಿರುಗುವ ಕೋಲಿನ 'ನಡಿ ನಡಿ ಮರಿ'ಯ ಕಥೆ ಹೇಳಿದೆ. ಮುದುರಿದ ರೆಂಬೆ ಮತ್ತೆ ಹರಡಿದ್ದನ್ನು ಹೇಳಿದೆ. ಔಷಧಿ ನನಗೆ ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನೂ ಬಿಡದೆ ಹೇಳಿದೆ. ಒಂದು ಪದ ಬರದಿದ್ದಾಗ ನಿಂತೆ. ಮಕ್ಕಳೂ ಕಾದರು, ಅದು ಬಂದ ಮೇಲೆ ಮುಂದೆ ಹೋದೆವು. ಪ್ರಶ್ನೆಗಳು ಎಷ್ಟು ಬಂದವೆಂದರೆ ಗಂಟೆ ಹೊಡೆದದ್ದು ನನಗೆ ಕೇಳಿಸಲೇ ಇಲ್ಲ.

ಹೆಡ್‌ಮಾಸ್ಟರು ಎದ್ದು ಬಾಗಿಲವರೆಗೆ ಹೋದರು. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿ ಕೈ ಎತ್ತಿದಳು.

"ಸಾರ್, ನಾಳೇನೂ ನೀವೇ ಬರ್ತೀರಾ?"

ನಾನು ಬಾಗಿಲಿನ ಕಡೆ ನೋಡಿದೆ. ಹೆಡ್‌ಮಾಸ್ಟರು ಅಲ್ಲೇ ನಿಂತಿದ್ದರು. ತಿರುಗಿ, ನನಗಿಂತ ಮೊದಲು ಅವರೇ ಹೇಳಿದರು.

"ಅವರೇ ಬರ್ತಾರಮ್ಮ."